ಸೂರು ಹೊದಿಸಿದವರ ಹೆಸರು

ಥ್ಯಾಚರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವವರು 1979ರಿಂದ 1990ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಒಬ್ಬರೇ. ಆದರೆ ಆ ಹೆಸರು ಅವರ ತವರಿನದಲ್ಲ. ಗ್ರ್ಯಾಂಥಮ್ ಪಟ್ಟಣದ ದಿನಸಿ ವ್ಯಾಪಾರಿ ಆಲ್‌ಫ್ರೆಡ್ ರಾಬರ್ಟ್ಸ್ ಅವರ ಈ ಮಗಳು 1951ರಲ್ಲಿ ಡೆನಿಸ್ ಥ್ಯಾಚರ್ ಅವರನ್ನು ಮದುವೆಯಾದ ಮೇಲೆ ಆ ಹೆಸರು ಅವರದಾಯಿತು. ಮದುವೆಯಿಂದ ಬಂದ ಆ ಹೆಸರಿನ ಮೇಲೆ ಹನ್ನೊಂದು ವರ್ಷಗಳ ಆಡಳಿತದ ಭಾರ ಎಷ್ಟು ಬಿದ್ದಿತೆಂದರೆ, ನೂರಾರು ವರ್ಷಗಳಿಂದ ಅದರೊಳಗಿದ್ದ ಕಸುಬು ಕಾಣದೇ ಹೋಯಿತು. ಹುಲ್ಲಿನ ಮಾಡು ಹೊದಿಸುವವನು ಎಂಬುದೇ ಆ ಹೆಸರಿನ ಮೂಲಾರ್ಥ. ಅಡ್ಡಹೆಸರೊಂದರ ಅರ್ಥವೆಂದರೆ ಅದರ ಧಾತುವೋ, ಅದನ್ನು ಹೊತ್ತವರ ಬಾಳೋ, ಅದನ್ನು ಕೇಳಿಸಿಕೊಂಡವರ ನೆನಪೋ ಎಂದು ಯಾರಾದರೂ ಕೇಳಿದರೆ, ಮೂರನೆಯದಕ್ಕೆ ನಾವು ಸಲ್ಲಬೇಕಾದ ಬೆಲೆಯನ್ನು ಕೊಟ್ಟಿಲ್ಲವೆಂದು ನಾನು ಹೇಳುತ್ತೇನೆ.

ಮೊದಲು ಕಸುಬನ್ನೇ ನೋಡೋಣ, ಏಕೆಂದರೆ ಅದು ಸಣ್ಣ ಕಸುಬಲ್ಲ. ಇಂಗ್ಲೆಂಡಿನಲ್ಲಿ ಮಾಡು ಹೊದಿಸಲು ಬಳಸುತ್ತಿದ್ದುದು ಮುಖ್ಯವಾಗಿ ಗೋಧಿಯ ಹುಲ್ಲು ಮತ್ತು ನಾರ್ಫೋಕ್ ಕಡೆಯ ಜೌಗಿನಲ್ಲಿ ಬೆಳೆಯುವ ಜೊಂಡು. ಮಾಡಿನ ಇಳಿಜಾರು ಕಡಿದಾಗಿರಬೇಕು, ಸುಮಾರು ಐವತ್ತು ಡಿಗ್ರಿಯಷ್ಟು. ಆಗ ಮಳೆಯ ನೀರು ಒಳಗಿಳಿಯದೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಜಾರುತ್ತ ಸೂರಿನಂಚಿಗೆ ಬಂದು ಬೀಳುತ್ತದೆ. ಹೇಜಲ್ ಗಿಡದ ಕಡ್ಡಿಗಳನ್ನು ಸೀಳಿ, ನಡುವೆ ತಿರುಚಿ ಬಗ್ಗಿಸಿ, ಹುಲ್ಲಿನ ಪದರಗಳನ್ನು ಅವುಗಳಿಂದ ಬಿಗಿಯುತ್ತಾರೆ. ಒಳ್ಳೆಯ ಕೈಯವರು ಹೊದಿಸಿದ ಜೊಂಡಿನ ಮಾಡು ನಲವತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಗೋಧಿಯ ಹುಲ್ಲಿನದು ಸುಮಾರಾಗಿ ಅದರ ಅರ್ಧ. ಈ ಕಸುಬಿನ ಶತ್ರು ಮಳೆಗಿಂತ ಬೆಂಕಿ. 1212ರ ದೊಡ್ಡ ಬೆಂಕಿಯ ನಂತರ ಲಂಡನ್ ನಗರದಲ್ಲಿ ಹುಲ್ಲು, ಜೊಂಡುಗಳಿಂದ ಹೊಸ ಮಾಡು ಹೊದಿಸಬಾರದೆಂಬ ಕಟ್ಟಳೆ ಬಂದಿತು. ಥೇಮ್ಸ್ ನದಿಯ ಆಚೆ ದಡದಲ್ಲಿದ್ದ, ಶೇಕ್ಸ್‌ಪಿಯರನ ನಾಟಕಗಳು ನಡೆಯುತ್ತಿದ್ದ ಗ್ಲೋಬ್ ರಂಗಮಂದಿರ ಹುಲ್ಲಿನ ಮಾಡನ್ನೇ ಹೊತ್ತಿತ್ತು. 1613ರಲ್ಲಿ ನಾಟಕದ ನಡುವೆ ಹಾರಿಸಿದ ತೋಪಿನ ಕಿಡಿ ಅದಕ್ಕೆ ತಗುಲಿ ಮಂದಿರವೆಲ್ಲ ಉರಿದುಹೋಯಿತು, ಮರುವರ್ಷ ಕಟ್ಟಿದಾಗ ಹೆಂಚು ಹೊದಿಸಿದರು. 1997ರಲ್ಲಿ ತೆರೆದ ಇಂದಿನ ಗ್ಲೋಬಿಗೆ ವಿಶೇಷ ಅನುಮತಿಯ ಮೇಲೆ ಮತ್ತೆ ಜೊಂಡಿನ ಮಾಡು ಬಂದಿದೆ.

ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿ ಕಸುಬಿನ ಹೆಸರುಗಳು ಮನೆತನದ ಹೆಸರುಗಳಾಗಿ ನೆಲೆಗೊಳ್ಳತೊಡಗಿದವು. ದಕ್ಷಿಣದ ಉಚ್ಚಾರಣೆಯಲ್ಲಿ ಥ್ಯಾಚರ್ ಆದದ್ದು ಉತ್ತರದಲ್ಲಿ ಥ್ಯಾಕರ್ ಆಯಿತು. ಪೂರ್ವದ ಕಡೆ ಥ್ಯಾಕ್ಸ್‌ಟರ್ ಎಂಬ ರೂಪವೂ ಉಂಟು, ಅದರ ಕೊನೆಯ ಪ್ರತ್ಯಯ ಮೂಲದಲ್ಲಿ ಸ್ತ್ರೀವಾಚಕವಾಗಿತ್ತು. ಡಚ್ಚರ ಡೆಕ್ಕರ್, ಫ್ರೆಂಚರ ಕೂವ್ರರ್ ಇವೂ ಮಾಡು ಹೊದಿಸುವವರ ಹೆಸರುಗಳೇ. ಹೆಸರು ಒಮ್ಮೆ ನೆಲೆಗೊಂಡ ಮೇಲೆ ಮಗ ಏಣಿ ಹತ್ತಿದನೋ, ಅಂಗಡಿ ಇಟ್ಟನೋ ಎಂಬುದನ್ನು ಅದು ಲೆಕ್ಕಿಸಲಿಲ್ಲ.

ಈ ಹೆಸರಿನ ಬೇರು ನಮ್ಮ ಮಾತಿನವರೆಗೂ ಬಂದಿದೆ. ಹೊದಿಸು, ಮುಚ್ಚು ಎಂಬ ಅರ್ಥದ ಹಳೆಯ ಇಂಡೋ-ಯುರೋಪಿಯನ್ ಧಾತುವೊಂದರಿಂದ ಇಂಗ್ಲಿಷಿನ ಥ್ಯಾಚ್, ಜರ್ಮನ್ ಭಾಷೆಯಲ್ಲಿ ಮಾಡು ಎಂಬರ್ಥದ ದಾಖ್, ಲ್ಯಾಟಿನ್ನಿನಲ್ಲಿ ಹೆಂಚು ಎಂಬರ್ಥದ ತೆಗುಲ ಹುಟ್ಟಿದವೆಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಸಂಸ್ಕೃತದ ಸ್ಥಗ್ ಧಾತುವನ್ನೂ ಅವರು ಇದೇ ಬಳಗಕ್ಕೆ ಸೇರಿಸುತ್ತಾರೆ. ಸಂಸ್ಕೃತದಲ್ಲಿ ಸ್ಥಗಿತವೆಂದರೆ ಮುಚ್ಚಿದ್ದು, ಮರೆಮಾಡಿದ್ದು. ನಮ್ಮಲ್ಲಿ ಕೆಲಸ ಸ್ಥಗಿತವಾಯಿತು ಎನ್ನುವಾಗ ಆ ಹೊದಿಕೆ ಜಾರಿ, ನಿಂತುಹೋಯಿತು ಎಂಬ ಅರ್ಥ ಮಾತ್ರ ಉಳಿದಿದೆ. ಲ್ಯಾಟಿನ್ನಿನ ತೆಗುಲವೇ ಇಂಗ್ಲಿಷಿಗೆ ಬಂದು ಟೈಲ್ ಆಯಿತು. ಅದನ್ನು ಹೊದಿಸುವವನು ಟೈಲರ್. ಅಂದರೆ ಹುಲ್ಲು ಹೊದಿಸುವ ಥ್ಯಾಚರನೂ ಹೆಂಚು ಹೊದಿಸುವ ಟೈಲರನೂ ಒಂದೇ ಬೇರಿನ ಎರಡು ಕವಲುಗಳು.

ಈ ಎರಡು ಹೆಸರುಗಳು ಇಂಗ್ಲೆಂಡಿನ ಇತಿಹಾಸದಲ್ಲಿ ಆರು ಶತಮಾನಗಳ ಅಂತರದಲ್ಲಿ ಒಂದೇ ತೆರಿಗೆಯ ಎರಡು ಬದಿಗಳಲ್ಲಿ ನಿಂತವು ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಗಾಢವಾಗಿ ತಟ್ಟಿದ ಸಂಗತಿ. ಹದಿನೈದು ವರ್ಷ ದಾಟಿದ ಪ್ರತಿಯೊಬ್ಬರ ಮೇಲೂ ತಲೆಗೆ ಒಂದು ಶಿಲ್ಲಿಂಗಿನಂತೆ, ಬಡವ ಬಲ್ಲಿದನೆನ್ನದೆ ವಿಧಿಸಿದ ತಲೆಗಂದಾಯದ ವಿರುದ್ಧ 1381ರಲ್ಲಿ ರೈತರೂ ಕಸುಬುದಾರರೂ ದಂಗೆಯೆದ್ದಾಗ ಕೆಂಟ್ ಪ್ರಾಂತದವರ ಮುಂದಾಳಾಗಿದ್ದವನು ವಾಟ್ ಟೈಲರ್. ಹದಿನಾಲ್ಕು ವರ್ಷದ ಅರಸ ಎರಡನೆಯ ರಿಚರ್ಡನ ಎದುರಿನಲ್ಲೇ, ಜೂನ್ 15ರಂದು ಸ್ಮಿತ್‌ಫೀಲ್ಡ್ ಬಯಲಿನಲ್ಲಿ ಲಂಡನ್ನಿನ ಮೇಯರ್ ವಿಲಿಯಂ ವಾಲ್ವರ್ತ್ ಅವನನ್ನು ಇರಿದನು. ಅದೇ ಬಗೆಯ ತಲೆಗಂದಾಯವನ್ನು 1989ರಲ್ಲಿ ಸ್ಕಾಟ್ಲೆಂಡಿಗೂ 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿಗೂ ತಂದವರು ಥ್ಯಾಚರ್. 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು; ಅದೇ ನವೆಂಬರಿನಲ್ಲಿ ಅವರು ಅಧಿಕಾರ ಬಿಟ್ಟರು. ಹೆಸರು ವಿಧಿಯನ್ನು ಬರೆಯುತ್ತದೆಂದು ನಾನು ನಂಬುವುದಿಲ್ಲ. ಆದರೆ ಟೈಲರ್ ಎಂದರೆ ಹೆಂಚಿನವನೆಂಬುದನ್ನು ಮರೆತ ಇಂಗ್ಲಿಷರೂ ಅದನ್ನು ಬಂಡಾಯದ ಹೆಸರಾಗಿ ನೆನೆಯುತ್ತಾರೆ. ಥ್ಯಾಚರ್ ಎಂಬುದು ಮಾರುಕಟ್ಟೆಗೆ ಸ್ವಾತಂತ್ರ್ಯ ಕೊಡಬೇಕೆಂಬ ಒಂದು ಸಿದ್ಧಾಂತದ ಹೆಸರೇ ಆಗಿಬಿಟ್ಟಿದೆ. ಗಣಿ ಮುಚ್ಚಿದ ಊರಿನವರಿಗೆ ಅದೊಂದು ಗಾಯ. 1980ರ ಕಾಯಿದೆಯ ಪ್ರಕಾರ ತಾವು ಬಾಡಿಗೆಗಿದ್ದ ನಗರಸಭೆಯ ಮನೆಯನ್ನೇ ರಿಯಾಯಿತಿ ದರದಲ್ಲಿ ಕೊಂಡವರಿಗೆ ಅದು ಸ್ವಂತ ಸೂರು ಕೊಟ್ಟ ಹೆಸರು. ಅವರ ಆಡಳಿತದ ಅವಧಿಯಲ್ಲಿ ಹಾಗೆ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಮಾರಾಟವಾದವು. ಅವರ ಕಾಲದಲ್ಲಿ ಬ್ರಿಟನ್ ಅರ್ಜೆಂಟೀನಾದಿಂದ ಮರಳಿ ಪಡೆದ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಪ್ರತಿ ವರ್ಷ ಜನವರಿ 10ನ್ನು ಅವರ ಹೆಸರಿನ ದಿನವಾಗಿ ಆಚರಿಸುತ್ತಾರೆ. ಇಷ್ಟೂ ಅರ್ಥಗಳು ನಿಜವಾದವು, ನಿಘಂಟು ಕೊಡುವ ಅರ್ಥ ಇವುಗಳಲ್ಲಿ ಒಂದು ಮಾತ್ರ.

ನಾವು ಕನ್ನಡಿಗರು ಈ ಬಳಗದ ಒಂದು ಹೆಸರನ್ನು ಇನ್ನೂ ಹತ್ತಿರದಿಂದ ಬಲ್ಲೆವು. ಥ್ಯಾಕರೆ ಎಂಬುದು ಕಸುಬಿನ ಹೆಸರಲ್ಲ, ಯಾರ್ಕ್‌ಷೈರಿನ ಒಂದು ಸ್ಥಳದ ಹೆಸರಿನಿಂದ ಬಂದದ್ದು. ಮಾಡು ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂಬುದು ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಅರ್ಥ. ಇಷ್ಟು ಸೌಮ್ಯವಾದ ಅರ್ಥದ ಹೆಸರನ್ನು ಹೊತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಕಿತ್ತೂರಿನ ದತ್ತಕವನ್ನು ಒಪ್ಪದೆ, ಖಜಾನೆಗೆ ಮುದ್ರೆ ಹಾಕಿ, ಕೊನೆಗೆ ಸೈನ್ಯದೊಡನೆ ಕೋಟೆಯ ಬಾಗಿಲಿಗೆ ಬಂದನು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಅವನನ್ನು ಅಲ್ಲಿ ಕೆಡವಿತು; ಗುಂಡು ಹಾರಿಸಿದವನು ಅಮಟೂರು ಬಾಳಪ್ಪನೆಂದು ನಾಡು ನೆನೆಯುತ್ತದೆ. ಈ ಕಲೆಕ್ಟರ್ ಥ್ಯಾಕರೆ 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ತಂದೆಯ ಸೋದರ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಥ್ಯಾಕರೆ ಎಂದರೆ ಕಾದಂಬರಿಕಾರ. ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಲಾವಣಿ ಕೇಳಿ ಬೆಳೆದವರಿಗೆ ಥ್ಯಾಕರೆ ಎಂದರೆ ಕೋಟೆಯ ಮುಂದೆ ಬಿದ್ದವನು. ಎರಡನೆಯವರ ಅರ್ಥವನ್ನು ಯಾವ ಹೆಸರುಕೋಶವೂ ಕೈಬಿಡಬಾರದು.

ಆ ಕಾದಂಬರಿಕಾರನ ಮೇಲಿನ ಅಭಿಮಾನದಿಂದಲೇ ಮರಾಠಿಯ ಸಮಾಜ ಸುಧಾರಕ, ಪ್ರಬೋಧನಕಾರರೆಂದು ಹೆಸರಾದ ಕೇಶವ ಸೀತಾರಾಮ ಠಾಕರೆ ಅವರು ತಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ ಅವನ ಕಾಗುಣಿತವನ್ನೇ ಆರಿಸಿಕೊಂಡರೆಂಬುದು ಪ್ರಸಿದ್ಧ. ಮರಾಠಿಯ ಆ ಹೆಸರಿಗೂ ಯಾರ್ಕ್‌ಷೈರಿನ ಜೊಂಡಿಗೂ ಯಾವ ನಂಟೂ ಇಲ್ಲ, ನಂಟು ಬಂದದ್ದು ರೋಮನ್ ಅಕ್ಷರಗಳಲ್ಲಿ ಮಾತ್ರ. ಮುಂದೆ ಗಡಿವಿವಾದದ ದಿನಗಳಲ್ಲಿ, ಅವರ ಮಗ, ಶಿವಸೇನೆಯ ಸ್ಥಾಪಕ ಬಾಳ ಠಾಕರೆ ಅವರಿಂದಾಗಿ, ಬೆಳಗಾವಿಯ ಕನ್ನಡಿಗರಿಗೆ ಆ ಹೆಸರು ಮತ್ತೊಂದು ಅರ್ಥವನ್ನು ಹೊತ್ತು ಬಂದಿತು. ಒಂದೇ ಜಿಲ್ಲೆಯಲ್ಲಿ, ಒಂದೇ ಕಾಗುಣಿತದ ಹೆಸರು ಎರಡು ಬೇರೆ ಬೇರೆ ಕಾರಣಗಳಿಗಾಗಿ ಜನರ ಮನಸ್ಸನ್ನು ಕಲಕಿದ್ದು ಬೇರಿನಿಂದಲ್ಲ, ನೆನಪಿನಿಂದ. ಗುಜರಾತಿನ ಠಕ್ಕರ್ ಮನೆತನದವರೂ ಕೆಲವರು ಇಂಗ್ಲಿಷಿನಲ್ಲಿ ಥ್ಯಾಕರ್ ಎಂದು ಓದುವಂತೆಯೇ ಬರೆಯುತ್ತಾರೆ. ಅವರನ್ನು ಹುಲ್ಲು ಹೊದಿಸುವವರ ವಂಶವೆಂದು ತಿಳಿಯುವುದು ಶುದ್ಧ ತಪ್ಪು.

ಇದನ್ನೆಲ್ಲ ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ, ಪತ್ತಾರ, ಕುಂಬಾರ, ಹೂಗಾರ, ಅಂಬಿಗೇರ ಎಂದು ಕಸುಬಿನ ಅಡ್ಡಹೆಸರುಗಳು ದಂಡಿಯಾಗಿವೆ. ಇಂಗ್ಲೆಂಡಿನಲ್ಲಿ ಥ್ಯಾಚರ್ ಎಂಬವರು ಪ್ರಧಾನಿಯಾದಾಗ ಅವರ ಗಂಡನ ಪೂರ್ವಿಕರು ಏಣಿ ಹತ್ತಿದವರೇ ಎಂದು ಯಾರೂ ವಿಚಾರಿಸಲಿಲ್ಲ. ಆ ಹೆಸರು ಕಸುಬಿನಿಂದ ಬಿಡುಗಡೆ ಪಡೆದು ಶತಮಾನಗಳೇ ಆಗಿದ್ದವು. ನಮ್ಮಲ್ಲಿ ‘ನಿಮ್ಮ ಅಡ್ಡಹೆಸರೇನ್ರಿ?’ ಎಂಬ ಪ್ರಶ್ನೆ ಎಷ್ಟೋ ಸಲ ಜಾತಿಯನ್ನು ತಿಳಿಯಲು ಕೇಳುವ ಪ್ರಶ್ನೆ. ಹೆಸರಿನ ಮೂಲದಲ್ಲಿ ಕಸುಬಿದ್ದರೆ ಅದು ಹೆಮ್ಮೆಯ ಸಂಗತಿ, ಆದರೆ ಆ ಮೂಲದಿಂದ ಎದುರಿಗಿರುವವರ ಯೋಗ್ಯತೆಯನ್ನು ಅಳೆಯುವುದು ಅನ್ಯಾಯವೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲಕ್ಕೆ ಮೊದಲು ಮನೆಗೆ ಅಡಿಕೆ ಸೋಗೆಯನ್ನೋ ಮುಳಿಹುಲ್ಲನ್ನೋ ಹೊದಿಸುತ್ತಿದ್ದವರು ಮನೆಯವರು, ನೆರೆಯವರು, ಒಕ್ಕಲಿನವರು, ಕೂಲಿಯಾಳುಗಳು. ಊರಿಗೆ ಊರೇ ಮಾಡುವ ಕೆಲಸ ಒಬ್ಬನನ್ನು ಇನ್ನೊಬ್ಬನಿಂದ ಗುರುತಿಸಿ ಕರೆಯಲು ಬಾರದು, ಆದುದರಿಂದ ಅದು ಮನೆತನದ ಹೆಸರಾಗುವುದೂ ಕಷ್ಟ. ಆ ಕೆಲಸದ ಹಿಡಿತವೂ ಮಾತುಗಳೂ ಈಗ ಎಪ್ಪತ್ತು ದಾಟಿದವರಲ್ಲಿ ಮಾತ್ರ ಉಳಿದಿವೆ. ನಿಮ್ಮ ಮನೆಯ ಹಿರಿಯರು ಸೋಗೆ ಕಟ್ಟುವಾಗ, ಹುಲ್ಲು ಬಿಗಿಯುವಾಗ ಬಳಸುತ್ತಿದ್ದ ಮಾತುಗಳನ್ನೂ, ಆ ಕೆಲಸಕ್ಕೆ ಹೆಸರಾದ ಮನೆಗಳಿದ್ದರೆ ಅವುಗಳನ್ನೂ ದಯವಿಟ್ಟು ಇಲ್ಲಿ ಕೆಳಗೆ ಬರೆಯಿರಿ.