ಲಾಯದಲ್ಲಿ ಉಳಿದ ಕುದುರೆಗಳು

ಕಾರು ಕೊಳ್ಳುವ ಯೋಗ ನನಗಿಲ್ಲ. ಆದರೆ ಕಾರು ಆರಿಸುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ. ತಯಾರಕರ ಜಾಲತಾಣಗಳಲ್ಲಿ ಬಣ್ಣ, ಚಕ್ರ, ಸೀಟಿನ ಹೊಲಿಗೆಯ ದಾರ ಎಲ್ಲವನ್ನೂ ನಾವೇ ಆರಿಸಿ ನಮ್ಮ ಕಾರನ್ನು ಪರದೆಯ ಮೇಲೆ ಕಟ್ಟಿ ನೋಡುವ ಒಂದು ಪುಟ ಇರುತ್ತದೆ. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬಾರದು ಎನ್ನುತ್ತಾರೆ. ನನ್ನ ಮನೆಯಲ್ಲಿ ಕೂಸು ಹುಟ್ಟುವ ಲಕ್ಷಣವೇ ಇಲ್ಲ, ಕುಲಾವಿಗಳು ಮಾತ್ರ ಪೆಟ್ಟಿಗೆ ತುಂಬ ಇವೆ.

ಬಣ್ಣ ನನಗೆ ತೊಡಕಾಗುವುದಿಲ್ಲ. ಎಲ್ಲಿಂದ ಹೊರಟರೂ ಕೊನೆಗೆ ಕಡು ಹಸಿರಿಗೇ ಬಂದು ನಿಲ್ಲುತ್ತೇನೆ. ತೊಡಕಾಗುವುದು ಎಲ್ಲಕ್ಕಿಂತ ಮೊದಲು ಎದುರಾಗುವ ಪ್ರಶ್ನೆ: ಯಾವ ಮಾದರಿ? ಜರ್ಮನಿಯ ಪೋರ್ಷೆ ಕಂಪನಿಯ ಓಟದ ಕಾರು 911 ಎಂಬ ಒಂದೇ ಹೆಸರಿನ ಅಡಿಯಲ್ಲಿ ಕರೆರಾ, ಕರೆರಾ ಟಿ, ಕರೆರಾ ಎಸ್, ಜಿಟಿಎಸ್, ಟರ್ಬೊ ಎಂದು ಒಂದು ಅವಿಭಕ್ತ ಕುಟುಂಬವೇ ಸಾಲಾಗಿ ನಿಂತಿರುತ್ತದೆ. ಮುಖ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಹಿಂದಕ್ಕೆ ಹೋಗಿ ಬೆನ್ನ ಮೇಲಿನ ಅಕ್ಷರ ಓದಿದರಷ್ಟೇ ಯಾರು ಯಾರೆಂದು ತಿಳಿಯುವುದು.

ಇದೆಲ್ಲ ನಿದ್ದೆಗೆಟ್ಟವನ ಆಟವಾಗಿಯೇ ಉಳಿಯುತ್ತಿತ್ತು. ಅಷ್ಟರಲ್ಲಿ ನಿಜವಾಗಿಯೂ ಕೊಳ್ಳಬಲ್ಲ ಗೆಳೆಯನೊಬ್ಬ ಒಂದು ಸಂಜೆ ಬಂದು ಕೂತು, "ಸಾದಾ ಕರೆರಾ ತೆಗೆದುಕೊಳ್ಳಲೋ, ಎಸ್ ತೆಗೆದುಕೊಳ್ಳಲೋ ಹೇಳು" ಎಂದ. ಹಣ ಅವನದು, ತೀರ್ಪು ನನ್ನದು. ಜೀವನದಲ್ಲಿ ಇಷ್ಟು ಸುಖದ ಹುದ್ದೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಅವನು ಹೇಳುತ್ತಿದ್ದುದು 992 ಎಂದು ಕರೆಯುವ ತಲೆಮಾರಿನ, 2024ರಲ್ಲಿ ತಿದ್ದುವುದಕ್ಕೆ ಮುಂಚಿನ ಕಾರಿನ ವಿಷಯ. ಕರೆರಾದ್ದು 385 ಅಶ್ವಶಕ್ತಿ, ಕರೆರಾ ಎಸ್‌ನದು 450. ಎಂಜಿನ್ ಎರಡರಲ್ಲೂ ಮೂರು ಲೀಟರಿನದೇ, ಮಲಗಿದ ಆರು ಸಿಲಿಂಡರುಗಳದ್ದೇ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಎರಡು ಟರ್ಬೊಗಳು ಸಾದಾ ಕಾರಿನಲ್ಲಿ ಸ್ವಲ್ಪ ಸಣ್ಣವು, ಬ್ರೇಕಿನ ತಟ್ಟೆಗಳು ಸಣ್ಣವು, ಚಕ್ರಗಳು ಒಂದೊಂದು ಇಂಚು ಸಣ್ಣವು. "ಅಳಿಯ ಅಲ್ಲ, ಮಗಳ ಗಂಡ" ಎಂದೆ. "65 ಕುದುರೆಗಳು ನಿನ್ನ ಲೆಕ್ಕಕ್ಕೇ ಇಲ್ಲವೇ?" ಎಂದು ಅವನು ಮುಖ ಗಂಟಿಕ್ಕಿದ.

ಸರಿ, ಕುದುರೆಗಳನ್ನೇ ಎಣಿಸೋಣ ಎಂದು ಕಾಗದ ತೆಗೆದುಕೊಂಡೆ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತಿದರೆ ಅದು ಒಂದು ಅಶ್ವಶಕ್ತಿ. ನನ್ನ ತೂಕವೂ ಸರಿಸುಮಾರು ಅಷ್ಟೇ ಆದ್ದರಿಂದ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುವ ಆ ಕೆಲವು ಕ್ಷಣ ನಾನೇ ಒಂದು ಕುದುರೆ. ಮೇಲೆ ತಲುಪಿದ ಮೇಲೆ ಏನಾಗಿರುತ್ತೇನೆ ಎಂಬುದು ಬೇರೆ ಮಾತು. ಇನ್ನು ಇಂಥ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರಿನಲ್ಲಿ ಒಂದೇ ಸಮನೆ ಓಡಲು ಬೇಕಾಗುವುದು ಇಪ್ಪತ್ತರ ಆಸುಪಾಸಿನ ಅಶ್ವಶಕ್ತಿ. ಅಂದರೆ ಎಸ್ ಕೊಂಡವನ ಲಾಯದಲ್ಲಿ ಸುಮಾರು 430 ಕುದುರೆಗಳು ಕೆಲಸವಿಲ್ಲದೆ ನಿಂತಿರುತ್ತವೆ. ಸಾದಾ ಕಾರಿನ ಲಾಯದಲ್ಲಿ 365. ಗೆಳೆಯನ ಜಿಜ್ಞಾಸೆಯನ್ನು ಬಿಡಿಸಿ ನೋಡಿದರೆ ಉಳಿಯುವುದು ಇಷ್ಟು: ಸುಮ್ಮನೆ ನಿಂತ ಕುದುರೆಗಳು ಎಷ್ಟಿದ್ದರೆ ಮನಸ್ಸಿಗೆ ಸಮಾಧಾನ?

ವೇಗ ಹೆಚ್ಚುತ್ತದಲ್ಲ ಎಂದ. ಹೆಚ್ಚುತ್ತದೆ, ಆದರೆ ಗಾಳಿ ಕಂದಾಯ ಕೇಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಕರೆರಾದ ಗರಿಷ್ಠ ವೇಗ ಗಂಟೆಗೆ 293 ಕಿಲೋಮೀಟರು, ಎಸ್‌ನದು 308. ವೇಗ ಹೆಚ್ಚಿದ್ದು ನೂರಕ್ಕೆ ಐದು, ಅದಕ್ಕೆ ತೆತ್ತ ಅಶ್ವಶಕ್ತಿ ನೂರಕ್ಕೆ ಹದಿನೇಳು. 308ನ್ನು 293ರಿಂದ ಭಾಗಿಸಿ ಘನ ತೆಗೆದಾಗ ಬಂದ ಉತ್ತರ 450ಕ್ಕೂ 385ಕ್ಕೂ ಇರುವ ಅನುಪಾತಕ್ಕೆ ಕೂದಲೆಳೆಯಷ್ಟು ಹತ್ತಿರ ಬಂತು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಇಷ್ಟು ವರ್ಷಗಳ ನಂತರ ಒಮ್ಮೆ ನನ್ನ ಮಾತು ಕೇಳಿತಲ್ಲ ಎಂದು ಹಿಗ್ಗಿ ಕಾಗದವನ್ನು ಅವನ ಮುಂದೆ ಹಿಡಿದೆ. ಅವನು ಕಾಗದವನ್ನು ನೋಡಲೇ ಇಲ್ಲ. ನಿಂತಲ್ಲಿಂದ 100 ಕಿಲೋಮೀಟರು ವೇಗ ಮುಟ್ಟಲು ಒಂದಕ್ಕೆ 4.2 ಸೆಕೆಂಡು ಬೇಕು, ಇನ್ನೊಂದಕ್ಕೆ 3.7, ನಡುವೆ ಇರುವುದು ಒಂದು ಸೀನಿಗೂ ಸಾಲದ ಅರ್ಧ ಸೆಕೆಂಡು ಎಂದೆ. ಅದಕ್ಕೂ ಅವನು ಬಗ್ಗಲಿಲ್ಲ.

"ಲೆಕ್ಕವೆಲ್ಲ ಸರಿ" ಎಂದ. "ಆದರೆ ಸಾದಾ ಕಾರು ತಂದ ಮೇಲೆ ಒಂದು ದಿನ ಸಿಗ್ನಲ್ಲಿನಲ್ಲಿ ಎಸ್ ಬಂದು ಪಕ್ಕದಲ್ಲಿ ನಿಂತರೆ?"

ಈ ಪ್ರಶ್ನೆಗೆ ಘನಮೂಲದಲ್ಲಿ ಉತ್ತರವಿಲ್ಲ. ಪಕ್ಕದಲ್ಲಿ ನಿಂತವನು ಕೆಳಗಿನ ಮೆಟ್ಟಿಲಿನವನಾದರೆ ಅವನು ನಮಗೆ ಕಾಣುವುದೇ ಇಲ್ಲ, ಮೇಲಿನವನಾದರೆ ಊರಿಗೆಲ್ಲ ಅವನೊಬ್ಬನೇ ಕಾಣುತ್ತಾನೆ. ಎಸ್ ಕೊಂಡರೂ ನಾಳೆ ಅದೇ ಸಿಗ್ನಲ್ಲಿಗೆ 480 ಅಶ್ವಶಕ್ತಿಯ ಜಿಟಿಎಸ್ ಬರುತ್ತದೆ, ನಾಡಿದ್ದು 650ರ ಟರ್ಬೊ ಎಸ್ ಬರುತ್ತದೆ. ಏಣಿ ಮಾಡಿದವರು ಮೆಟ್ಟಿಲುಗಳನ್ನು ಬೇಕೆಂದೇ ಹತ್ತಿರ ಹತ್ತಿರ ಇಟ್ಟಿದ್ದಾರೆ. ಕಾಲೆತ್ತಿದರೆ ಸಾಕು, ಮುಂದಿನದು ಸಿಗುತ್ತದೆ. ಜೊತೆಗೆ ಹಿಂಬದಿಯ ಅಕ್ಷರವನ್ನು ಹಾಕದೆಯೇ ಕೊಡಿ ಎಂದು ಕೇಳಿಕೊಳ್ಳುವ ಸೌಲಭ್ಯವನ್ನೂ ಅವರೇ ಇಟ್ಟಿದ್ದಾರೆ. ಎಸ್‌ಗೆ ಹಣ ಕೊಟ್ಟು ಎಸ್ ಎಂಬ ಅಕ್ಷರವನ್ನು ತೆಗೆಸುವವನು ವಿನಯವಂತನೋ ಮಹಾ ಗರ್ವಿಯೋ, ನನಗಂತೂ ತೀರ್ಮಾನಿಸಲು ಆಗಿಲ್ಲ. ಸಾದಾ ಕಾರು ಕೊಂಡು ಅಕ್ಷರ ತೆಗೆಸುವವನ ಮನಸ್ಸು ಮಾತ್ರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಿದ್ದರೆ ಸರಳವಾದದ್ದನ್ನು ಜನ ಯಾಕೆ ಮೆಚ್ಚುತ್ತಾರೆ? ಎಟುಕದ ದ್ರಾಕ್ಷಿಯ ಮಾತು ಇದು ಎಂದು ಗೆಳೆಯ ನನ್ನನ್ನು ನೋಡಿ ನಕ್ಕ. ನಾನು ಮಜ್ದಾದ ಎಂಎಕ್ಸ್-5 ಕಡೆಗೆ ತಿರುಗಿದೆ. 2015ರಲ್ಲಿ ಬಂದ ಆ ಪುಟ್ಟ ತೆರೆದ ಕಾರಿಗೆ ಎರಡು ಎಂಜಿನ್‌ಗಳಿದ್ದವು: 131 ಅಶ್ವಶಕ್ತಿಯ ಒಂದೂವರೆ ಲೀಟರಿನದು, 160ರ ಎರಡು ಲೀಟರಿನದು. ಸವಾರ ಮತ್ತು ಕುದುರೆ ಒಂದೇ ಜೀವವಾಗಬೇಕು ಎಂಬ ಜಪಾನಿನ ಹಳೆಯ ಮಾತೊಂದನ್ನು ಮಜ್ದಾದವರು ತಮ್ಮ ಈ ಕಾರಿಗೆ ಮಂತ್ರದಂತೆ ಬಳಸುತ್ತಾರೆ. ಚಿಕ್ಕ ಎಂಜಿನ್ನು ನಿಮಿಷಕ್ಕೆ 7500 ಸುತ್ತಿನವರೆಗೆ ಹಾಡಿಕೊಂಡು ಏರುತ್ತಿತ್ತು. ದೊಡ್ಡದು 6800ಕ್ಕೇ ಉಸಿರು ಕಟ್ಟಿ ನಿಲ್ಲುತ್ತಿತ್ತು. ಚಿಕ್ಕದರ ಬಲ ಕಡಿಮೆಯಾದ್ದರಿಂದ ಅದನ್ನು ಪೂರ್ತಿ ಬಳಸಬಹುದು, ಗೇರನ್ನು ಮತ್ತೆ ಮತ್ತೆ ಬದಲಿಸಬೇಕು, ತಿರುವಿಗೆ ಮುಂಚೆ ಹಿಡಿದ ವೇಗವನ್ನು ಜೋಪಾನ ಮಾಡಬೇಕು. ಚಾಲಕನಿಗೆ ಕೈತುಂಬ ಕೆಲಸ. ಬಲವಾದ ಕಾರಿನಲ್ಲಿ ಎರಡನೇ ಗೇರಿನ ತುದಿ ಮುಟ್ಟುವಷ್ಟರಲ್ಲಿ ಹೆಚ್ಚಿನ ರಸ್ತೆಗಳ ವೇಗಮಿತಿ ಹಿಂದೆ ಬಿದ್ದಿರುತ್ತದೆ. ಉಳಿದ ಗೇರುಗಳು ಅತಿಥಿಗೆಂದು ಎತ್ತಿಟ್ಟ ಹಾಸಿಗೆಯಂತೆ ಬಿಚ್ಚದೆಯೇ ಇರುತ್ತವೆ. ಈ ವಾದದಿಂದ ನಾನು ಗೆದ್ದೇ ಬಿಡುತ್ತಿದ್ದೆ. ಆದರೆ 2018ರಲ್ಲಿ ಮಜ್ದಾದವರು ಆ ದೊಡ್ಡ ಎಂಜಿನ್ನನ್ನೇ ತಿದ್ದಿ 184 ಅಶ್ವಶಕ್ತಿ ಕೊಟ್ಟು, ಅದೂ 7500ರವರೆಗೆ ಏರುವಂತೆ ಮಾಡಿ ನನಗೆ ಕೈಕೊಟ್ಟರು. ಗೆಳೆಯನಿಗೆ ಈ ಸಂಗತಿಯನ್ನು ಹೇಳಲಿಲ್ಲ.

ಅದರ ಬದಲು 1973ನೇ ಮಾದರಿಯ 911 ಕರೆರಾ ಆರ್‌ಎಸ್‌ನ ಕಥೆ ಹೇಳಿದೆ. ಸ್ಪರ್ಧೆಗೆ ಅನುಮತಿ ಸಿಗಲು 500 ಕಾರುಗಳನ್ನಾದರೂ ತಯಾರಿಸಬೇಕಿತ್ತು. ಮಾರಾಟವಾಗುವುದೋ ಇಲ್ಲವೋ ಎಂಬ ಅಳುಕಿನಲ್ಲೇ ತಯಾರಿಸಿದರು. ತಯಾರಾದದ್ದು 1,580. ಸ್ಪರ್ಧೆಗೆಂದೇ ಮಾಡಿದ ಕೆಲವನ್ನು ಬಿಟ್ಟರೆ ಎಲ್ಲಕ್ಕೂ 210 ಅಶ್ವಶಕ್ತಿಯ 2.7 ಲೀಟರಿನ ಎಂಜಿನ್ನೇ. ಕೊಳ್ಳುವವರ ಮುಂದಿದ್ದ ಆಯ್ಕೆ ತೂಕದ್ದು. ಹಿಂದಿನ ಸೀಟಿಲ್ಲದ, ಗಡಿಯಾರವಿಲ್ಲದ, 960 ಕಿಲೋ ತೂಗುವ ಬೋಳು ಕಾರು ಬೇಕೋ, ಅವೆಲ್ಲ ಮರಳಿ ಸೇರಿಕೊಂಡ 1,075 ಕಿಲೋ ತೂಕದ ಕಾರು ಬೇಕೋ? ಬೋಳು ಕಾರನ್ನು ಆರಿಸಿದವರು 200 ಮಂದಿ. ಸುಮಾರು 1,300 ಮಂದಿ ಹೆಚ್ಚಿಗೆ ಹಣ ತೆತ್ತು ಸೀಟು, ನೆಲಹಾಸುಗಳನ್ನು ಮತ್ತೆ ಹಾಕಿಸಿಕೊಂಡರು. ಈಗ ಹರಾಜಿನಲ್ಲಿ ಜನ ಮುಗಿಬೀಳುವುದು ಆ ಬೋಳು ಕಾರಿಗೆ. ಗಡಿಯಾರ ಬೇಕೆಂದವರ ಮೊಮ್ಮಕ್ಕಳು ಅಜ್ಜನ ಬಗ್ಗೆ ಏನೆಂದುಕೊಳ್ಳುತ್ತಿರಬಹುದು! ಆದರೆ ಆ ಅಜ್ಜ ಮಾಡಿದ್ದರಲ್ಲಿ ತಪ್ಪೇನಿತ್ತು? ಅವನು ಕಾರಿನಲ್ಲಿ ಕೂತು ಎಲ್ಲಿಗಾದರೂ ಹೋಗಬೇಕೆಂದು ಅದನ್ನು ಕೊಂಡಿದ್ದ.

ಗೆಳೆಯ ಈ ಕಥೆಯನ್ನು ನಾನು ನೆನೆಸದ ರೀತಿಯಲ್ಲಿ ಅರ್ಥ ಮಾಡಿಕೊಂಡ. ಮರುವಾರ ಫೋನ್ ಮಾಡಿ, ಕರೆರಾ ಟಿ ಎಂದು ನಿರ್ಧರಿಸಿದೆ ಎಂದ. 2022ರಲ್ಲಿ ಬಂದ ಈ ಮಾದರಿಗೆ ಸಾದಾ ಕರೆರಾದ 385 ಅಶ್ವಶಕ್ತಿಯ ಎಂಜಿನ್ನೇ. ಗಾಜು ತೆಳು, ಸದ್ದು ತಡೆಯುವ ಹೊದಿಕೆ ಕಡಿಮೆ, ಹಿಂದಿನ ಸೀಟು ಇಲ್ಲ, ತೂಕದಲ್ಲಿ 35 ಕಿಲೋ ಉಳಿತಾಯ. ಸಾದಾ ಕರೆರಾದಲ್ಲಿ ಸಿಗದಿದ್ದ ಏಳು ಹಂತದ ಕೈಗೇರು ಇದರಲ್ಲಿದೆ. ಇಷ್ಟನ್ನೆಲ್ಲ ತೆಗೆದ ಮೇಲೆ ಇದರ ಬೆಲೆ ಸಾದಾ ಕಾರಿಗಿಂತ ಹೆಚ್ಚು. ಸೀಟು ಕೊಡಲಿಕ್ಕೂ ಹಣ, ಸೀಟು ತೆಗೆಯಲಿಕ್ಕೂ ಹಣ. ಸನ್ಯಾಸಕ್ಕೂ ಪ್ರವೇಶ ಶುಲ್ಕ ಇಟ್ಟ ಆ ಬುದ್ಧಿವಂತರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕಾರು ಬಂದ ಮೇಲೆ ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಹೊರಟ. ನನ್ನ ಚೀಲವನ್ನು ಹಿಂದಿನ ಸೀಟು ಇರಬೇಕಾಗಿದ್ದ ಜಾಗದಲ್ಲಿ ಇಟ್ಟೆವು. ತಿರುವು ಬಂದಾಗಲೆಲ್ಲ ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳಾಡಿತು. ಗುಡ್ಡದ ದಾರಿ ಶುರುವಾಗುತ್ತಲೇ ಮುಂದೆ ಒಂದು ತುಂಬಿದ ಲಾರಿ. ಅದನ್ನು ಹಿಂದೆ ಹಾಕಲು ಜಾಗವಿಲ್ಲ. ಗಂಟೆಗೆ 30 ಕಿಲೋಮೀಟರಿನಲ್ಲಿ ಅದರ ಬೆನ್ನಿಗೆ ಅಂಟಿಕೊಂಡು ಹತ್ತುತ್ತಾ, ನಮ್ಮ ಲಾಯದಿಂದ ಈಗ ಹೊರಗೆ ಬಂದಿರುವ ಕುದುರೆಗಳು ಎಷ್ಟಿರಬಹುದು ಎಂದು ನಾನು ಲೆಕ್ಕ ಹಾಕತೊಡಗಿದೆ. ಗೆಳೆಯ ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಗತ್ಯವೇ ಇಲ್ಲದೆ ಗೇರು ಬದಲಿಸುತ್ತಿದ್ದ. ಪ್ರತಿ ಸಲವೂ ಹಿಂದಿನಿಂದ ಎಂಜಿನ್ನು ಒಮ್ಮೆ ಗದರಿ ಸುಮ್ಮನಾಗುತ್ತಿತ್ತು, ಅವನ ಮುಖ ಅರಳುತ್ತಿತ್ತು.

"ಎಸ್ ಆಗಿದ್ದರೂ ಇದೇ ಲಾರಿಯ ಹಿಂದೆಯೇ ಇರುತ್ತಿದ್ದೆವು" ಎಂದೆ.

"ಹೌದು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಇನ್ನೂ 65 ಇದ್ದಿದ್ದರೆ..." ಎಂದು ಶುರುಮಾಡಿದ. ಅಷ್ಟರಲ್ಲಿ ಲಾರಿಯವನು ಕೈ ಹೊರಗೆ ಹಾಕಿ, ಮುಂದೆ ಹೋಗಿ ಎಂದು ಸನ್ನೆ ಮಾಡಿದ.