ಕ್ರಿಯಾಟಿನಿನ್ ನಾರ್ಮಲ್ ಅಂದರೆ ಕಿಡ್ನಿ ಚೆನ್ನಾಗಿದೆ ಅಂತಲ್ಲ: ಸ್ಪಷ್ಟನೆ

"ರಕ್ತದಲ್ಲಿ ಕ್ರಿಯಾಟಿನಿನ್ ನಾರ್ಮಲ್ ಬಂದರೆ ಕಿಡ್ನಿಗೆ ಏನೂ ಆಗಿಲ್ಲ, ಮೂತ್ರ ಪರೀಕ್ಷೆ ಸುಮ್ನೆ ಖರ್ಚು" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಬರುವ ತ್ಯಾಜ್ಯ. ವಯಸ್ಸಾದವರಲ್ಲಿ, ತೀರಾ ತೆಳ್ಳಗಿರುವವರಲ್ಲಿ ಅದು ತಯಾರಾಗುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋಲುತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಸೋಸುವ ಶಕ್ತಿ ಅರ್ಧದಷ್ಟು ಹೋದ ಮೇಲೂ ಕೆಲವರ ರಿಪೋರ್ಟ್ ನಾರ್ಮಲ್ ಮಿತಿಯೊಳಗೇ ಇರುತ್ತದೆ. ಅದಕ್ಕೇ ವಯಸ್ಸು, ಲಿಂಗ ಸೇರಿಸಿ ಇಜಿಎಫ್‌ಆರ್ (ಕಿಡ್ನಿಯ ಸೋಸುವ ಶಕ್ತಿಯ ಅಂದಾಜು) ಲೆಕ್ಕ ಹಾಕುತ್ತಾರೆ.

ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ, ಇಲ್ಲವೇ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಆಲ್ಬುಮಿನ್ (ಕಿಡ್ನಿಗೆ ಹಾನಿಯಾದಾಗ ರಕ್ತದಿಂದ ಮೂತ್ರಕ್ಕೆ ಸೋರುವ ಪ್ರೋಟೀನ್) ಇದ್ದರೆ, ಮತ್ತು ಅದು ಕನಿಷ್ಠ 3 ತಿಂಗಳು ಹಾಗೇ ಮುಂದುವರಿದರೆ, ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಎರಡರಲ್ಲಿ ಒಂದಿದ್ದರೂ ಸಾಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೋ ಸಲ ಆಲ್ಬುಮಿನ್ ಮೊದಲು ಕಾಣಿಸಿಕೊಳ್ಳುತ್ತದೆ, ಕ್ರಿಯಾಟಿನಿನ್ ಏರುವುದು ಆಮೇಲೆ. ಔಷಧಿಯಿಂದ ಹಾನಿಯನ್ನು ನಿಧಾನಿಸಲು ಒಳ್ಳೆಯ ಸಮಯವೂ ಅದೇ ಅಲ್ವಾ? ಆಗಲೇ ಮೂತ್ರ ಪರೀಕ್ಷೆ ಬಿಡಿ ಅನ್ನುವುದು ನನಗೆ ನಿಜಕ್ಕೂ ಆತಂಕದ ಮಾತು.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಕಳಿಸಿ.