ಮ್ಯಾಮೊಗ್ರಫಿ: ಇಲ್ಲಿಯ ಕರೆಪತ್ರ, ಅಲ್ಲಿಯ ಪ್ಯಾಕೇಜು

ಬ್ರಿಟನ್ನಿನಲ್ಲಿ ಐವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಮ್ಯಾಮೊಗ್ರಫಿಗೆ, ಅಂದರೆ ಸ್ತನ ಕ್ಯಾನ್ಸರನ್ನು ಹುಡುಕುವ ಎಕ್ಸ್‌ರೇ ತಪಾಸಣೆಗೆ, ಕರೆಪತ್ರ ಬರುತ್ತದೆ. ಎಪ್ಪತ್ತೊಂದು ತುಂಬುವ ತನಕ ಮೂರು ವರ್ಷಕ್ಕೊಮ್ಮೆ ಅದು ಬರುತ್ತಲೇ ಇರುತ್ತದೆ. ಜಿಪಿಯ (ಬಡಾವಣೆಯ ಸಾಮಾನ್ಯ ವೈದ್ಯರ) ಬಳಿ ಹೆಸರು ನೋಂದಾಯಿಸಿದ್ದರೆ ಸಾಕು, ಅರ್ಜಿ ಹಾಕಬೇಕಿಲ್ಲ, ಹಣ ಕಟ್ಟಬೇಕಿಲ್ಲ. 1988ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ, ಇಲ್ಲಿ ನೆಲೆಸಿರುವ ನನಗೆ ಯಂತ್ರಕ್ಕಿಂತ ಹೆಚ್ಚು ಮೆಚ್ಚುಗೆಯಾಗಿರುವುದು ಆ ಪತ್ರದ ಜೊತೆಗೆ ಬರುವ ಕಿರುಪುಸ್ತಿಕೆ. ತಪಾಸಣೆಯಿಂದ ಆಗುವ ಲಾಭವನ್ನು ಹೇಳಿದಷ್ಟೇ ಸ್ಪಷ್ಟವಾಗಿ ಅದರಿಂದ ಆಗಬಹುದಾದ ಕೆಡುಕನ್ನೂ ಅದು ಹೇಳುತ್ತದೆ, ಬರುವುದೂ ಬಿಡುವುದೂ ನಿಮ್ಮ ಇಷ್ಟ ಎನ್ನುತ್ತದೆ. (ನಮ್ಮವರೂ ಸೇರಿದಂತೆ ದಕ್ಷಿಣ ಏಷ್ಯಾ ಮೂಲದ ಹೆಂಗಸರು ಈ ಕರೆಗೆ ಓಗೊಡುವುದು ಬಿಳಿಯ ಹೆಂಗಸರಿಗಿಂತ ಕಡಿಮೆ ಎಂಬುದನ್ನೂ ಹೇಳಿಬಿಡಬೇಕು.)

ಆ ಪ್ರಾಮಾಣಿಕತೆ ತಾನಾಗಿ ಬಂದದ್ದಲ್ಲ, ವರ್ಷಗಟ್ಟಲೆ ನಡೆದ ವಾದದ ಫಲ. 1977ರಲ್ಲಿ ಸ್ವೀಡನ್ನಿನ ಎರಡು ಪ್ರಾಂತಗಳಲ್ಲಿ ಆರಂಭವಾದ ಪ್ರಯೋಗವು ಮ್ಯಾಮೊಗ್ರಫಿಯಿಂದ ಸ್ತನ ಕ್ಯಾನ್ಸರಿನ ಸಾವು ಶೇ. 30ರಷ್ಟು ತಗ್ಗುತ್ತದೆಂದು ತೋರಿಸಿದರೆ, ಸುಮಾರು 90 ಸಾವಿರ ಹೆಂಗಸರನ್ನು 25 ವರ್ಷ ಗಮನಿಸಿದ ಕೆನಡಾದ ಪ್ರಯೋಗಕ್ಕೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಈ ನಡುವೆ ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯ ಸ್ವತಂತ್ರ ಸಮಿತಿ ಎಲ್ಲ ಪ್ರಯೋಗಗಳನ್ನೂ ತೂಗಿ ನೋಡಿ, ಸಾವಿನಲ್ಲಿ ಶೇ. 20ರಷ್ಟು ಇಳಿಕೆ ಆಗುತ್ತದೆಂದು 2012ರಲ್ಲಿ ಹೇಳಿತು. ಶೇ. 20 ಎಂದರೆ ತಪಾಸಣೆಗೆ ಹೋದ ನೂರರಲ್ಲಿ ಇಪ್ಪತ್ತು ಮಂದಿ ಬದುಕಿಕೊಂಡರು ಎಂದಲ್ಲ. ಐವತ್ತನೆಯ ವಯಸ್ಸಿನಿಂದ ಇಪ್ಪತ್ತು ವರ್ಷ 10,000 ಹೆಂಗಸರನ್ನು ಕರೆಯುತ್ತಾ ಹೋದರೆ 43 ಸಾವು ತಪ್ಪುತ್ತವೆ. ಅದೇ ಅವಧಿಯಲ್ಲಿ 129 ಮಂದಿಗೆ, ಬದುಕಿರುವವರೆಗೂ ತೊಂದರೆ ಕೊಡದೆ ಇದ್ದುಬಿಡುತ್ತಿದ್ದ ಕ್ಯಾನ್ಸರ್ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯೋ ವಿಕಿರಣವೋ ನಡೆದುಹೋಗುತ್ತದೆ. ಆ 129 ಮಂದಿ ಯಾರೆಂದು ವೈದ್ಯರಿಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಪ್ರತಿಯೊಬ್ಬರೂ ತಪಾಸಣೆಯಿಂದಲೇ ತಾನು ಉಳಿದೆನೆಂದು ನಂಬಿರುತ್ತಾರೆ.

ಇನ್ನೂ ಒಂದು ಹೋಲಿಕೆಯನ್ನು ನಾನು ಗೆಳೆಯರಿಗೆ ಹೇಳುವುದುಂಟು. ಉತ್ತರ ಐರ್ಲೆಂಡಿನಲ್ಲಿ ಈ ತಪಾಸಣೆ 1990ರ ದಶಕದ ಆರಂಭದಲ್ಲೇ ಬಂತು, ಪಕ್ಕದ ಐರ್ಲೆಂಡ್ ಗಣರಾಜ್ಯಕ್ಕೆ ಬರಲು 2000 ಆಗಬೇಕಾಯಿತು. ಆದರೂ 1989ರಿಂದ 2006ರ ನಡುವೆ ಸ್ತನ ಕ್ಯಾನ್ಸರಿನ ಸಾವಿನ ಪ್ರಮಾಣ ಮೊದಲನೆಯದರಲ್ಲಿ ಶೇ. 29, ಎರಡನೆಯದರಲ್ಲಿ ಶೇ. 26 ಇಳಿಯಿತು. ಇಳಿಕೆಯ ದೊಡ್ಡ ಪಾಲು ಟ್ಯಾಮಾಕ್ಸಿಫೆನ್‌ನಂಥ ಔಷಧಗಳಿಂದ ಮತ್ತು ತಡವಿಲ್ಲದ, ಒಳ್ಳೆಯ ಚಿಕಿತ್ಸೆಯಿಂದ ಬಂದಿರಬೇಕು ಎಂದು ನಾನು ಭಾವಿಸುವುದು ಇದರಿಂದಲೇ.

ಊರಿಗೆ ಬಂದಾಗ ಬೆಂಗಳೂರಿನಲ್ಲಿ ಕಾಣುವುದು ಬೇರೆಯೇ ಚಿತ್ರ. ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ನಿನ ಫಲಕಗಳು, ಮೂವತ್ತು ದಾಟಿದವರಿಗೂ ಮ್ಯಾಮೊಗ್ರಾಂ ಸೇರಿಸಿದ ರಿಯಾಯಿತಿ ಪ್ಯಾಕೇಜುಗಳು. ಕಿರಿಯ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿದ್ದು, ಅದೂ ಗಂಟೂ ಎರಡೂ ಚಿತ್ರದಲ್ಲಿ ಬೆಳ್ಳಗೇ ಕಾಣುವುದರಿಂದ, ಇದ್ದದ್ದು ತಪ್ಪಿಹೋಗುವುದೂ ಇಲ್ಲದ್ದು ಇದೆಯೆನಿಸುವುದೂ ಹೆಚ್ಚು. ಎನ್‌ಎಚ್‌ಎಸ್ ಐವತ್ತಕ್ಕೆ ಮುಂಚೆ ಎಲ್ಲರನ್ನೂ ಕರೆಯುವುದಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ವಯಸ್ಸನ್ನು ಇಳಿಸಿದ್ದೂ ನಲವತ್ತಕ್ಕೆ. ಮನೆತನದಲ್ಲಿ ರೋಗವಿದ್ದವರ ಮಾತು ಬೇರೆ. ಉಳಿದವರಿಗೆ ಮೂವತ್ತರಲ್ಲೇ ಇದನ್ನು ಮಾರುವುದನ್ನು ನಾನು ವ್ಯಾಪಾರವೆಂದೇ ಕರೆಯುತ್ತೇನೆ. ಆ ಫಲಕಗಳಲ್ಲಿ ಕೆಡುಕಿನ ಲೆಕ್ಕ ಇರುವುದನ್ನು ನಾನು ಕಂಡಿಲ್ಲ.

ಹಾಗೆಂದು ನಮ್ಮಲ್ಲಿ ರೋಗ ಹಗುರವಾದುದಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾದವರು ಸುಮಾರು 1.92 ಲಕ್ಷ, ಸತ್ತವರು ಸುಮಾರು 98 ಸಾವಿರ. ಅಂದರೆ ಹೊಸ ರೋಗಿಗಳ ಸಂಖ್ಯೆಗೆ ಸಾವಿನ ಸಂಖ್ಯೆ ಅರ್ಧದಷ್ಟು. ಬ್ರಿಟನ್ನಿನಲ್ಲಿ ಅದು ಸುಮಾರು ಐದರಲ್ಲೊಂದು ಪಾಲು. ಈ ಅಂತರಕ್ಕೆ ಮುಖ್ಯ ಕಾರಣ, ಕೈಗೆ ಸಿಗುವಷ್ಟು ಬೆಳೆದ ಗಂಟನ್ನೂ ತಿಂಗಳುಗಟ್ಟಲೆ ಯಾರಿಗೂ ತೋರಿಸದಿರುವುದು, ತೋರಿಸಿದ ಮೇಲೂ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಮಗೆ ತಕ್ಕ ದಾರಿಯನ್ನು ಹುಡುಕಿದ್ದಾರೆ. 1998ರಿಂದ ಅಲ್ಲಿಯ ಸುಮಾರು 1.5 ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನಲ್ಲಿ ರೋಗ ಮುಂಚಿನ ಹಂತದಲ್ಲೇ ಪತ್ತೆಯಾಯಿತು. ಒಟ್ಟಾರೆ ಸಾವಿನಲ್ಲಿ ಕಂಡ ಶೇ. 15ರ ಇಳಿಕೆ ಕಾಕತಾಳೀಯವೂ ಇರಬಹುದು. ಆದರೆ ಐವತ್ತು ಮತ್ತು ಮೇಲ್ಪಟ್ಟವರಲ್ಲಿ ಸಾವು ಶೇ. 30ರ ಹತ್ತಿರ ತಗ್ಗಿತು. ಐವತ್ತರ ಒಳಗಿನವರಿಗೆ ಅಂಥ ಲಾಭ ಕಾಣಲಿಲ್ಲ. ಯಂತ್ರವಿಲ್ಲ, ಒಂದೊಂದು ಚಿತ್ರವನ್ನೂ ಬ್ರಿಟನ್ನಿನ ಹಾಗೆ ಇಬ್ಬಿಬ್ಬರು ತಜ್ಞರು ಓದಬೇಕಾದ ಹೊರೆಯೂ ಇಲ್ಲ.

ಮೂವತ್ತರಿಂದ ಅರವತ್ತೈದರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡೆವು ಎಂದ 30–49ರ ಹೆಂಗಸರು ದೇಶದಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೆಸರು ಹಿಡಿದು ಕರೆಯುವ ಕೆಲಸವನ್ನು ಬ್ರಿಟನ್ನಿನಲ್ಲಿ ಅಂಚೆ ಮಾಡುತ್ತದೆ. ಕರ್ನಾಟಕದಲ್ಲಿ ಅದನ್ನು ಮನೆಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರು ಮಾಡಬಲ್ಲರು, ಅದಕ್ಕೆ ತಕ್ಕ ಸಂಬಳ ಕೊಟ್ಟರೆ. ಗಂಟು ಸಿಕ್ಕಿದ ಮೇಲೆ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಜಿಲ್ಲಾಸ್ಪತ್ರೆಗೆ ಹೊಸ ಮ್ಯಾಮೊಗ್ರಫಿ ಯಂತ್ರ ಬಂತೆಂದು ರಿಬ್ಬನ್ ಕತ್ತರಿಸುವ ಮೊದಲು, ಅಲ್ಲಿ ಬಯಾಪ್ಸಿಯ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆಯ) ವರದಿ ರೋಗಿಯ ಕೈ ಸೇರಲು ಈಗ ಎಷ್ಟು ದಿನ ಹಿಡಿಯುತ್ತದೆಂದು ಪ್ರತಿ ತಿಂಗಳೂ ಪ್ರಕಟಿಸಲಿ.